ತುಂಬಿತು ಎಂಬ ಸುದ್ದಿಯೇ ತುಂಬಿದಾಗ

ನಮ್ಮ ಮನೆಯ ಅಲಮಾರಿಯ ಬಾಗಿಲು ಮೊಣಕಾಲಿನ ಒತ್ತಾಸೆಯಿಲ್ಲದೆ ಮುಚ್ಚುವುದಿಲ್ಲ. ನಿಮ್ಮ ಮನೆಯಲ್ಲೂ ಅಂಥದ್ದೊಂದು ಇದ್ದೀತು. ಹಾಗಾಗಿ ಬೀದರಿನ ನಮ್ಮ ಪತ್ರಿಕಾ ಕಚೇರಿಯ ಸರ್ವರ್ ಪಟ್ಟ ಪಾಡು ನಿಮಗೆ ಬೇಗ ಅರ್ಥವಾದೀತು.

ಸುದ್ದಿ, ಚಿತ್ರಗಳನ್ನೆಲ್ಲ ಕೂಡಿಡುವ ಡೇಟಾಬೇಸಿಗೆ ಡಿಸ್ಕಿನಲ್ಲಿ ಜಾಗ ಕಡಿಮೆಯಾದರೆ ಐದೈದು ನಿಮಿಷಕ್ಕೊಂದು ಎಚ್ಚರಿಕೆ ಬರುತ್ತದೆ. ಸರ್ವರ್ ನೋಡಿಕೊಳ್ಳುವ ಭಾಲ್ಕಿಯ ಸವಿತಾ ಅಂದು ಮಧ್ಯಾಹ್ನವೇ ಸಂಪಾದಕನಾದ ನನ್ನ ಮೇಜಿನ ಮುಂದೆ ನಿಂತಳು.

"ಸರ್, ಏಳು ಗಂಟಿ ಒಳಗ ಏನರೆ ಅಳಿಸ್ಲಿಲ್ಲಂದ್ರ ನಾಳಿನ ಪುಟ ಪ್ರೆಸ್ಸಿಗೆ ಹೋಗಂಗಿಲ್ರಿ. ಔರಾದದ ಫೋಟೊಗೋಳೇ ಭಾಳ ಅವ."

ಔರಾದಿನ ವರದಿಗಾರ ಮಾಣಿಕಪ್ಪ ಒಂದು ಸನ್ಮಾನಕ್ಕೆ ನಲವತ್ತು ಚಿತ್ರ ಕಳಿಸುವವರು. ಶಾಲು ಹೊದಿಸಿದವರು, ಹೊದ್ದವರು, ಶಾಲಿನ ತುದಿಯನ್ನಷ್ಟೇ ಮುಟ್ಟಿದವರು, ಯಾರೂ ಬಿಟ್ಟುಹೋಗುವಂತಿಲ್ಲ. ಫೋನು ಮಾಡಿ ವಿಷಯ ತಿಳಿಸಿದೆ.

"ಒಂದ ಇಟ್ಟು ಉಳದದ್ದು ತೆಗದ್ರ, ಅದರಾಗ ಯಾರದರೆ ಕಣ್ಣ ಮುಚ್ಚಿದ್ರ, ನಾ ಔರಾದ ಬಸ್ ಸ್ಟ್ಯಾಂಡಿನಾಗ ಹ್ಯಾಂಗ ತಿರಗಾಡ್ಲಿ ಸಾಹೇಬ್ರ?" ಎಂದವರು ದನಿ ತಗ್ಗಿಸಿದರು. "ಸಂತಪುರದ ಆ ಹೆಣ್ಮಗಳನ್ನ ಮರತ್ರೇನ್ರಿ?"

ಮರೆತಿರಲಿಲ್ಲ. ತೀರಿಹೋದ ತಾಯಿಯ ಒಂದು ಚಿತ್ರವೂ ಇಲ್ಲದ ಆಕೆ ಹಿಂದಿನ ತಿಂಗಳು ಬಂದು, ಯಾರದೋ ಸನ್ಮಾನದ ಮೂವತ್ತೊಂದನೆಯ ಚಿತ್ರದ ಮೂಲೆಯಲ್ಲಿ ನಗುತ್ತ ನಿಂತಿದ್ದ ತಾಯಿಯನ್ನು ಪತ್ತೆಹಚ್ಚಿ, ಅದರ ಪ್ರತಿಯನ್ನು, ತಾಯಿಯನ್ನೇ ಕೈಹಿಡಿದು ಮನೆಗೆ ಕರೆದೊಯ್ಯುವವಳಂತೆ, ಒಯ್ದಿದ್ದಳು. ಯಾವುದು ಕಸ, ಯಾವುದು ದಾಖಲೆ ಎಂದು ಇಂದೇ ತೀರ್ಮಾನಿಸುವಷ್ಟು ಜಾಣತನ ನನಗಿಲ್ಲ. ಆದ್ದರಿಂದ ಇಷ್ಟು ವರ್ಷ ಏನನ್ನೂ ಎಸೆಯದೆ, ಅದನ್ನೇ ವೃತ್ತಿಶಿಸ್ತೆಂದು ಕರೆದುಕೊಂಡು ಬಂದಿದ್ದೇನೆ.

"ಅವನ್ನ ಮುಟ್ಟಬ್ಯಾಡ ತಂಗಿ, ಬ್ಯಾರೆ ಏನದ ನೋಡು" ಎಂದೆ.

ಆರೂವರೆಗೆ ಸವಿತಾ ನಗು ತಡೆದುಕೊಂಡು ಬಂದಳು. "ಔರಾದಕಿಂತ ದೊಡ್ಡದು ಸಿಕ್ಕದರಿ ಸರ್. ನಿಮ್ದೇ."

ಬಂದ ಪ್ರತಿ ಎಚ್ಚರಿಕೆಯನ್ನೂ ಪರದೆಯ ಚಿತ್ರಸಮೇತ ಡೇಟಾಬೇಸಿನಲ್ಲೇ ಕಾಯಂ ದಾಖಲಿಸತಕ್ಕದ್ದು ಎಂಬ ನನ್ನ ಆದೇಶ, ನನ್ನದೇ ರುಜುವಿನೊಂದಿಗೆ, ಗೋಡೆಯ ಮೇಲೆ ಇನ್ನೂ ಅಂಟಿಕೊಂಡಿತ್ತು. ಜಾಗವಿಲ್ಲ, ಜಾಗವಿಲ್ಲ ಎಂದು ಕೂಗಿದ ಕೂಗುಗಳೇ ಇದ್ದ ಜಾಗವನ್ನೆಲ್ಲ ಹಿಡಿದು ಕೂತಿದ್ದವು.

"ತೆಗಿ" ಎಂದೆ.

"ತೆಗದದ್ದಕ್ಕ ದಾಖಲಿ ಇಡ್ಲೇನ್ರಿ?"

ಎದ್ದು ಹೋಗಿ ಗೋಡೆಯ ಹಾಳೆ ಕಿತ್ತೆ. ಏಳಕ್ಕೆ ಐದು ನಿಮಿಷವಿರುವಾಗ ಪುಟ ಹೋಯಿತು. ಮಾಣಿಕಪ್ಪನವರ ಚಿತ್ರಗಳೆಲ್ಲವೂ ಉಳಿದವು.

ಮನೆಗೆ ಬಂದು ಅಲಮಾರಿ ತೆರೆದೆ. ಅವ್ವನ ಕೌದಿ, ಮದುವೆಯ ಆಲ್ಬಂ, ಮಕ್ಕಳ ಹಳೆಯ ಸ್ವೆಟರು ಎಲ್ಲ ಒತ್ತಾಗಿ ಕೂತಿದ್ದವು. ಅವುಗಳ ಮುಂದೆ, ಒಳಗೆ ಏನೇನಿದೆಯೆಂದು ವರ್ಷ ವರ್ಷವೂ ನಾನೇ ಬರೆದಿಟ್ಟ ಪಟ್ಟಿಗಳ ದಪ್ಪನೆಯ ಕಟ್ಟು. ಅದೊಂದನ್ನು ಹೊರಗೆ ತೆಗೆದೆ. ಬಾಗಿಲು ಬೆರಳು ತಾಕಿದ್ದಕ್ಕೇ ಮುಚ್ಚಿಕೊಂಡಿತು; ಮೊಣಕಾಲು ಮಾತ್ರ ಎಂದಿನಂತೆ ಮುಂದೆ ಬಂದು, ಕೆಲಸವಿಲ್ಲದೆ ನಿಂತಿತ್ತು.