ಹತ್ತೊಂಬತ್ತನೆಯ ಚಿತ್ರದಿಂದಾಚೆ

ಸುಂಡ್ಸ್‌ವಾಲ್‌ನ ಪ್ರಯೋಗಾಲಯದಲ್ಲಿ ಹೆಲ್ಗೆ ಇಪ್ಪತ್ತಾರು ವರ್ಷಗಳಿಂದ ತಂತ್ರಜ್ಞ. ಸಂಶೋಧಕರು ಬಂದು ಹೋಗುತ್ತಿದ್ದರು. ಕ್ಯಾಮೆರಾ ಹೊರುವವನು ಅವನೇ. ಬೆಳಕು ಯಾವ ದಿಕ್ಕಿನಿಂದ ಬಂತೆಂಬುದನ್ನೂ ಹಿಡಿದಿಡುವ ಕ್ಯಾಮೆರಾ ಅದು. ಬಿಡಿ ಚಿತ್ರ ಒರಟು. ಕ್ಯಾಮೆರಾ ಸರಿಸಿ ಸರಿಸಿ ತೆಗೆದ ನಲವತ್ತು ಚಿತ್ರಗಳನ್ನು ಒಂದಾಗಿಸಿದರೆ ಕುಂಚದ ಕೂದಲೆಳೆಯ ಗುರುತೂ ಕಾಣುತ್ತಿತ್ತು.

ಆ ಡಿಸೆಂಬರಿನಲ್ಲಿ ಹಳ್ಳಿಯೊಂದರ ಮರದ ಚರ್ಚಿಗೆ ಹೋದ. ಗೋಡೆಯ ಮೇಲೆ ಐನೂರು ವರ್ಷ ಹಳೆಯ, ಮಾತೆ ಮೇರಿಯ ವರ್ಣಚಿತ್ರ. ವಾರ್ನಿಷ್ ಹೊಳಪಿನಿಂದಾಗಿ ಸಾಧಾರಣ ಫೋಟೋಗಳಲ್ಲಿ ಮುಖ ಬರೀ ಬಿಳಿ ಕಲೆ; ಆ ಹೊಳಪನ್ನು ಕಳೆಯಬಲ್ಲದ್ದು ಈ ಕ್ಯಾಮೆರಾ ಮಾತ್ರ. ಬೀಗ ತೆಗೆದವಳು ಗುನ್ವೋರ್. ನಲವತ್ತು ವರ್ಷ ಆ ನೆಲ ಒರೆಸಿದ ಮುದುಕಿ.

"ಮಗಳು ಸತ್ತಾಗಿನಿಂದ ಇವಳ ಹತ್ರಾನೇ ಮಾತಾಡ್ತೀನಿ. ಪಾದ್ರಿಗೆ ಹೇಳಿದ್ರೆ ಉತ್ತರ ಕೊಡೋಕೆ ಬರ್ತಾನೆ" ಎಂದಳು.

ಕೆಳಗಿನಿಂದ ಮೇಲಕ್ಕೆ ತೆಗೆಯುತ್ತ ಬಂದ. ಹತ್ತೊಂಬತ್ತನೆಯದಕ್ಕೆ ಕ್ಯಾಮೆರಾ ಏರಿಸುವಾಗ ಕೋಟಿನ ತೋಳು ತಾಗಿ ಲೆನ್ಸಿನ ಫೋಕಸ್ ಉಂಗುರ ತಿರುಗಿತು. ಅದು ಅವನಿಗೆ ಗೊತ್ತಾದದ್ದು ನಲವತ್ತೂ ಮುಗಿದ ಮೇಲೆ. ಅಷ್ಟರಲ್ಲಿ ಕತ್ತಲು ಕವಿದಿತ್ತು, ಬೆರಳು ಮರಗಟ್ಟಿದ್ದವು. ವಸಂತದಲ್ಲಿ ಮತ್ತೆ ಬಂದರಾಯಿತು ಎಂದುಕೊಂಡು, ದಾಖಲೆಯಲ್ಲಿ 'ಸರಿಯಿದೆ' ಎಂದು ಬರೆದ.

ಫೆಬ್ರವರಿಯಲ್ಲಿ ವಿದ್ಯುತ್ ತಂತಿಯ ಕಿಡಿಯಿಂದ ಚರ್ಚು ಸುಟ್ಟುಹೋಯಿತು. ಮೇರಿ ಪ್ರಯೋಗಾಲಯದಲ್ಲಿ ಉಳಿದಿದ್ದಾಳೆಂದು ಪತ್ರಿಕೆ ಬರೆಯಿತು. ಸಂಶೋಧಕಿ ತೂವಾ ಎರಡು ತಿಂಗಳು ಕೂತು ಚಿತ್ರಗಳನ್ನು ಸೇರಿಸಿದಳು. ನಿಲುವಂಗಿಯ ನೆರಿಗೆ ಒಂದೊಂದೂ ಬಂತು. ಕೊರಳಿನಿಂದ ಮೇಲಕ್ಕೆ ಬರೀ ಹೊಗೆಯಂಥ ಮಸುಕು.

"ಹತ್ತೊಂಬತ್ತರಿಂದ ಏನಾಯ್ತು, ಹೆಲ್ಗೆ?"

ಹೇಳಿದ. ಅವಳು ಬಯ್ಯಲಿಲ್ಲ.

"ಅವತ್ತೇ ಹೇಳಿದ್ರೆ ಮಾರನೇ ದಿನ ನಾನೇ ಹೋಗ್ತಿದ್ನಲ್ಲ" ಎಂದಷ್ಟೇ ಅಂದಳು.

ಆ ಚಿತ್ರದ ಪ್ರತಿಯೊಂದನ್ನು ಹೆಲ್ಗೆ ತಾನೇ ಗುನ್ವೋರ್ ಮನೆಗೆ ಒಯ್ದ. ಅವಳು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು.

"ಮುಖ ಎಲ್ಲೋ?"

"ನನ್ನಿಂದ ಹೋಯ್ತು."

"ಸುಟ್ಟಿದ್ದು ಬೆಂಕಿ ಕಣೋ."

"ಉಳಿಸೋದು ನನ್ನ ಕೈಲಿತ್ತು. ತಪ್ಪಾಗಿದೆ ಅಂತ ಗೊತ್ತಿತ್ತು. ಮುಚ್ಚಿಟ್ಟೆ."

ಅವಳು ಕಾಫಿ ಬಗ್ಗಿಸಿದಳು, ತಾನು ಕುಡಿಯಲಿಲ್ಲ.

"ಕಣ್ಣು ನೆನಪಿದೆ. ಬಾಯಿ ಹೇಗಿತ್ತು ಅಂತ ದಿನಾ ಯೋಚ್ನೆ ಮಾಡ್ತೀನಿ, ಹೊಳೆಯೋದೇ ಇಲ್ಲ. ಇನ್ನು ಯಾರ ಹತ್ರ ಮಾತಾಡ್ಲಿ, ಹೇಳು."

ಆ ಬೇಸಿಗೆಯಲ್ಲೇ ಅವಳು ತೀರಿಕೊಂಡಳು. ಕ್ಯಾಮೆರಾ ಕೆಲಸದಿಂದ ತನ್ನನ್ನು ಬಿಡಿಸಿ ಎಂದು ಹೆಲ್ಗೆ ಕೇಳಿಕೊಂಡ, ಯಾರೂ ತಡೆಯಲಿಲ್ಲ. ಕೇಬಲ್ಲುಗಳಿಗೆ ಚೀಟಿ ಅಂಟಿಸುತ್ತ ನಿವೃತ್ತಿಯವರೆಗಿನ ಏಳು ವರ್ಷ ಕಳೆದ.