ಅತ್ತೆಯ ಕರಡಿಗೆ, ನನ್ನ ಜರ್ಮನಿ

ಕಳೆದ ಸೋಮವಾರ ನಮ್ಮತ್ತೆ ಆಪರೇಷನ್ನಿನ ಹಸಿರು ಗೌನಿನಲ್ಲೇ ನರ್ಸಿಂಗ್ ಹೋಮಿನ ಮೆಟ್ಟಿಲಿಳಿದು ತುಮಕೂರು ರಸ್ತೆಗೆ ಬಂದು ನಿಂತರು. ಮೇಲೊಂದು ಶಾಲು ಹೊದ್ದಿದ್ದರು, ಸದ್ಯ. ಆಟೋದವನೊಬ್ಬ ಬ್ರೇಕ್ ಹಾಕಿ, ಅವರ ಅವತಾರ ನೋಡಿ, ಹಾಗೇ ಮುಂದೆ ಹೋಗಿಬಿಟ್ಟ. ಆ ಪುಣ್ಯಾತ್ಮ ತಣ್ಣಗಿರಲಿ. ಹತ್ತಿಸಿಕೊಂಡಿದ್ದರೆ ನಾನು ಈ ವಾರ ಬರೆಯುವುದು ಬೇರೆಯೇ ಆಗಿರುತ್ತಿತ್ತು.

ಅತ್ತೆಗೆ ಗರ್ಭಕೋಶದ ತೊಂದರೆ. ವರ್ಷದಿಂದ ರಕ್ತ ಹೋಗಿ ಹೋಗಿ ಮುಖ ಬಿಳಿಚಿಕೊಂಡಿತ್ತು. ಇನ್ನು ತಡ ಮಾಡಿದರೆ ಜೀವಕ್ಕೇ ಕಷ್ಟ ಎಂದು ಡಾಕ್ಟರು ಹೇಳಿದ್ದರು. ದಾವಣಗೆರೆಯಿಂದ ಮಾಕಳಿಯ ನಮ್ಮ ಮನೆಗೆ ಕರೆತಂದು, ಆಪರೇಷನ್ನಿಗೆ ಒಪ್ಪಿಸುವಷ್ಟರಲ್ಲಿ ನಮ್ಮ ಮನೆಯವರ ತಲೆಗೂದಲು ಅರ್ಧ ನರೆಯಿತು. (ಇನ್ನರ್ಧ ನನ್ನಿಂದ ಅನ್ನುತ್ತಾರೆ.)

ಅವತ್ತು ಬೆಳಿಗ್ಗೆ ಥಿಯೇಟರ್ ಬಾಗಿಲಲ್ಲಿ ಸಿಸ್ಟರ್ ಬಳೆ, ಓಲೆ, ಸರ ಎಲ್ಲ ತೆಗೆಸಿದಳು. ಅತ್ತೆ ತೆಗೆದುಕೊಟ್ಟರು. ಆಮೇಲೆ "ಇದೂನೂ" ಎಂದು ಕೊರಳಿನ ಬೆಳ್ಳಿ ಕರಡಿಗೆಗೆ ಕೈ ಹಾಕಿದಳು.

ಅದರೊಳಗೆ ಇರುವುದು ಇಷ್ಟಲಿಂಗ. ನಮ್ಮಲ್ಲಿ ಎಳವೆಯಲ್ಲಿ ಕಟ್ಟಿದ ಲಿಂಗ ಮಣ್ಣಿಗೆ ಹೋಗುವಾಗಲೂ ಜೊತೆಗೇ ಹೋಗುತ್ತದೆ. ಸ್ನಾನಕ್ಕೂ ತೆಗೆದವರಲ್ಲ ನಮ್ಮತ್ತೆ.

"ಇದನ್ನ ಬಿಟ್ಟು ಬದುಕಿ ನಾ ಏನ್ ಮಾಡ್ಲಿ? ಮನಿಗೆ ನಡೀರಿ," ಎಂದವರೇ ಹೊರಟುಬಿಟ್ಟರು.

ನಮ್ಮ ಮನೆಯವರು ಪೀಣ್ಯದ ಕಾರ್ಖಾನೆಯಲ್ಲಿ ಕೂದಲೆಳೆಯ ವ್ಯತ್ಯಾಸವನ್ನೂ ಬಿಡದೆ ಹಿಡಿಯುವವರು. ಆದರೆ ಬಿಳಿ ಕೋಟು ಕಂಡರೆ ಬಾಯಿ ಕಟ್ಟುತ್ತದೆ. ತಾಯಿಗೆ "ಸ್ವಲ್ಪ ಹೊತ್ತು ತೆಗೆದಿಡವ್ವಾ" ಅನ್ನುವುದು, ಡಾಕ್ಟರಿಗೆ "ಸಾರ್, ಅದೂ..." ಅನ್ನುವುದು. ಎರಡೂ ಕಡೆ ಗೆಲ್ಲಲಿಲ್ಲ. ಒಂದು ಸಲ ಎದ್ದು ಹೋದರೆ ಅತ್ತೆ ಮತ್ತೆ ಆ ಮೆಟ್ಟಿಲು ಹತ್ತುವವರಲ್ಲ. ಅದು ನಮ್ಮಿಬ್ಬರಿಗೂ ಗೊತ್ತು.

ಇಲ್ಲಿ ನನ್ನ ಜರ್ಮನಿಯ ಕಥೆ ಹೇಳಲೇಬೇಕು.

ನನಗಾಗ ಇಪ್ಪತ್ತಾರು. ಹೊಸ ಮಷೀನಿನ ಕೆಲಸ ಕಲಿಯಲು ಕಾರ್ಖಾನೆಯವರು ಇವರನ್ನು ಒಂದು ವರ್ಷ ಅಲ್ಲಿಗೆ ಕಳಿಸಿದರು. ಬಾಲ ಹಿಡಿದು ನಾನೂ ಹೋದೆ. ಯಶವಂತಪುರದ ಮಾರ್ಕೆಟ್ಟಿಗೂ ಒಬ್ಬಳೇ ಹೋಗಿ ಗೊತ್ತಿಲ್ಲದವಳು. ಯಾರು ಏನು ಕೇಳಿದರೂ "ಇವರನ್ನ ಕೇಳಿ" ಅನ್ನುತ್ತಿದ್ದವಳು.

ಒಂದು ಮಧ್ಯಾಹ್ನ ಹೊಟ್ಟೆನೋವು. ಅಪೆಂಡಿಕ್ಸ್. ಇವರು ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದರು. ಪಕ್ಕದ ಮನೆಯ ಅಜ್ಜಿ ಆಂಬುಲೆನ್ಸ್ ಕರೆಸಿತು. ಆಸ್ಪತ್ರೆಯಲ್ಲಿ ನರ್ಸಮ್ಮ ನನ್ನ ಕರಡಿಗೆ ತೋರಿಸಿ ತೆಗೆಯಲೇ ಎಂದು ಕೇಳಿದಳು. ನಾನು ತಲೆ ಆಡಿಸಿದೆ. ನಮ್ಮ ತಲೆಯಾಟ ಗೊತ್ತಲ್ಲ? ಹೌದು, ಇಲ್ಲ, ನೋಡೋಣ, ದೇವರಿಟ್ಟ ಹಾಗಾಗಲಿ, ಎಲ್ಲವೂ ಒಂದೇ ಆಟದಲ್ಲಿ. ಆಕೆ ಹೌದು ಎಂದುಕೊಂಡು ಬಿಚ್ಚಲು ಶುರು ಮಾಡಿದಳು.

ಹಿಂದೆ ತಿರುಗಿ ನೋಡಿದರೆ ಗಂಡನಿಲ್ಲ, ಅಣ್ಣನಿಲ್ಲ, ಅತ್ತೆಯಿಲ್ಲ. ಗೋಡೆ ಇತ್ತು. ಆಕೆಯ ಕೈ ಹಿಡಿದು ಗಟ್ಟಿಯಾಗಿ "ನೋ" ಅಂದೆ. ಆಮೇಲೆ ಅದಕ್ಕಿಂತ ಮುಖ್ಯವಾದದ್ದು ಬಾಯಿಗೆ ಬಂತು. "ವೈ?"

ಆಕೆ ನನ್ನಷ್ಟೇ ಹರಕು ಇಂಗ್ಲಿಷಿನಲ್ಲಿ ವಿವರಿಸಿದಳು. ಆಪರೇಷನ್ನಿನಲ್ಲಿ ಕರೆಂಟ್ ಬಳಸುತ್ತಾರೆ, ಮೈಮೇಲೆ ಲೋಹ ಇದ್ದರೆ ಸುಡಬಹುದು. ಅಂದರೆ ತಕರಾರು ಬೆಳ್ಳಿಯದು, ಶಿವನದಲ್ಲ! ಹಾಗಾದರೆ ಬೆಳ್ಳಿ ತೆಗೆಯಿರಿ, ಲಿಂಗ ಇರಲಿ ಅಂದೆ. ಕುದಿಯುವ ನೀರಿಗೆ ಹಾಕಿ ಶುದ್ಧ ಮಾಡಿ ಕೊಡಲೇ ಎಂದಳು. ಲಿಂಗದ ಮೇಲಿನ ಕಪ್ಪು ಲೇಪ ಕರಗಿಹೋಗುತ್ತದಲ್ಲ? ಅದಕ್ಕೂ ನೋ. (ಎರಡನೆಯ ನೋ ಸುಲಭ.) ಕೊನೆಗೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ಕಿನಲ್ಲಿ ಸೀಲ್ ಮಾಡಿ, ಪೂಜೆಯ ಹೊತ್ತಿಗೆ ಲಿಂಗ ಇಟ್ಟುಕೊಳ್ಳುವ ಎಡ ಅಂಗೈಗೇ ಬ್ಯಾಂಡೇಜಿನಿಂದ ಕಟ್ಟಿದರು.

ಫಾರಿನ್ನಿಗೆ ಹೋಗಿ ಏನು ಕಲಿತೆ ಎಂದು ಎಲ್ಲರೂ ಕೇಳುತ್ತಾರೆ. ಕೇಕ್ ಕಲಿತೆ, ಅದು ನಡು ಕುಸಿಯುತ್ತದೆ. ಸೈಕಲ್ ಕಲಿತೆ, ಇಲ್ಲಿ ಲಾರಿಗಳ ಮಧ್ಯೆ ಧೈರ್ಯವಿಲ್ಲ. ಆದರೆ ಯಾರಾದರೂ "ಆಗಲ್ಲ" ಅಂದರೆ ಅದರ ಹಿಂದೊಂದು ಕಾರಣ ಇರುತ್ತದೆ, ಅದನ್ನು ಕೇಳಬಹುದು, ಕೇಳಿದರೆ ಆಕಾಶ ಬೀಳುವುದಿಲ್ಲ ಎಂದು ಕಲಿತೆ. ಒಂದು ವರ್ಷಕ್ಕೆ ಅಷ್ಟು ಸಾಲದೇ?

ಸೋಮವಾರ ಅತ್ತೆಯನ್ನು ರಸ್ತೆಬದಿಯ ಮೆಡಿಕಲ್ ಶಾಪಿನ ಬೆಂಚಿನ ಮೇಲೆ ಕೂರಿಸಿ, ಇವರನ್ನು ಕಾವಲಿಗೆ ಬಿಟ್ಟು ಒಳಗೆ ಹೋದೆ. ಡಾಕ್ಟರು ಅಸಹನೆಯಿಂದ ಗಡಿಯಾರ ನೋಡುತ್ತಿದ್ದರು. ರೂಲ್ಸು ರೂಲ್ಸೇ ಅಂದರು.

"ಸಾರ್, ಬೆಳ್ಳಿ ಬೇಡ್ವಾ, ಇಲ್ಲ ಲಿಂಗಾನೇ ಬೇಡ್ವಾ?"

ಅವರು ಗಡಿಯಾರದಿಂದ ಕಣ್ಣು ತೆಗೆದರು. "ಮೆಟಲ್ ಬೇಡಮ್ಮ."

ಹಾಗಾದರೆ ಹೀಗೆ ಹೀಗೆ ಮಾಡಬಹುದಲ್ಲ ಎಂದು ಎಲ್ಲ ಹೇಳಿದೆ. ಡ್ರಿಪ್ ಬಲಗೈಗೆ ಹಾಕಿದರೆ ಆಯಿತು ಎಂದೂ ಹೇಳಿದೆ. ಅವರು ಸಿಸ್ಟರ್ ಕಡೆ ನೋಡಿದರು. ಸಿಸ್ಟರ್ ಫ್ಯಾನಿನ ಕಡೆ ನೋಡಿದಳು.

"ಮಾಡಬಹುದು," ಎಂದರು ಡಾಕ್ಟರು. "ಇಷ್ಟು ವರ್ಷದಲ್ಲಿ ಯಾರೂ ಕೇಳೇ ಇಲ್ವಲ್ಲಮ್ಮ."

ಯಾರೂ ಕೇಳಿಲ್ಲ! ಎಷ್ಟು ಜನ ಅಜ್ಜಿಯರು ಕಣ್ಣೀರು ಹಾಕಿಕೊಂಡು ತೆಗೆದುಕೊಟ್ಟರೋ, ಎಷ್ಟು ಜನ ಎದ್ದು ಊರಿಗೆ ಹೋದರೋ, ಆ ಶಿವನೇ ಬಲ್ಲ.

ಇನ್ನು ಹೈಕೋರ್ಟ್ ಬೆಂಚಿನ ಮೇಲೆ ಕೂತಿತ್ತು. ಅತ್ತೆ ಎಲ್ಲ ಕೇಳಿಸಿಕೊಂಡರು. ಕರಡಿಗೆ ಯಾರ ಹತ್ತಿರ ಇರುತ್ತದೆ ಎಂದು ವಿಚಾರಿಸಿದರು. ನನ್ನ ಹತ್ತಿರ ಅಂದೆ.

"ಎಡಗೈಯಾಗೇ ತಾನೇ ಕಟ್ಟೋದು?"

"ಎಡಗೈಲೇ ಅತ್ತೆ. ನಾನೇ ನಿಂತು ಕಟ್ಟಿಸ್ತೀನಿ."

"ಪೂಜಿಗೆ ಕೂರೋ ಜಾಗನೇ ಆತು. ಹಂಗಾರೆ ನಡಿ."

ಆಪರೇಷನ್ ಸುಸೂತ್ರವಾಯಿತು. ಪ್ರಜ್ಞೆ ಬಂದಾಗ ಅತ್ತೆ ಕಣ್ಣು ಬಿಡುವ ಮೊದಲು ಎಡ ಮುಷ್ಟಿ ಬಿಗಿ ಮಾಡಿ ನೋಡಿಕೊಂಡರು. ಈಗ ನಮ್ಮ ಮನೆಯ ನಡುಮನೆಯಲ್ಲಿ ಮಲಗಿ, ಗಂಜಿಗೆ ಉಪ್ಪು ಕಡಿಮೆ ಎಂದು ಬೈಯುತ್ತಿದ್ದಾರೆ. ಬೈಯುವಷ್ಟು ರಕ್ತ ಮೈಗೆ ಬಂತಲ್ಲ, ಅದೇ ಭಾಗ್ಯ. ನೋಡಲು ಬಂದವರಿಗೆಲ್ಲ ಒಂದೇ ಮಾತು: "ನಮ್ ಸೊಸಿ ಜರ್ಮನಿಗೆ ಹೋಗಿ ಜಗಳ ಕಲ್ತು ಬಂದಾಳೆ ನೋಡ್ರಿ." ಹೇಳುವಾಗ ಮುಖದಲ್ಲಿ ನಗು ಇರುತ್ತದೆ, ನಾನು ನೋಡಿಲ್ಲ ಎಂದುಕೊಂಡಿದ್ದಾರೆ.

ದೇವರ ಮುಂದೆ ಕೂತು ಮಳೆ, ಮಗು, ಮದುವೆ ಎಂದು ಸಂಕೋಚವಿಲ್ಲದೆ ಕೇಳುವ ನಮಗೆ, ಡಾಕ್ಟರ ಮುಂದೆ "ಯಾಕೆ ಸಾರ್" ಎಂದು ಕೇಳಲು ಯಾಕಿಷ್ಟು ಹೆದರಿಕೆ?