ಕೈಯಲ್ಲಿ ಲೋಟ ಹಿಡಿದು ಕೇಳಿದ ಪ್ರಶ್ನೆ

ಕೋವಿಡ್‌ನ ಗದ್ದಲ ತಣ್ಣಗಾದ ಮರುವರ್ಷ. ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಎಲುಬಿನ ವಾರ್ಡಿಗೆ ನಾನು ಇನ್‌ಚಾರ್ಜ್ ಸಿಸ್ಟರ್. ನರ್ಸ್ ಕೆಲಸಕ್ಕೆ ಸೇರಿ ಆಗ ಇಪ್ಪತ್ತಾರು ವರ್ಷ. ಕೇಸ್ ಶೀಟ್ ಅಲ್ಲದೆ ನನ್ನದೇ ಒಂದು ನೋಟ್‌ಬುಕ್ ಇಡುವುದು ರೂಢಿ. ಯಾರು ಎಷ್ಟು ನೀರು ಕುಡಿದರು, ಯಾರು ಗಂಜಿ ಬೇಡವೆಂದರು, ಯಾರು ಯಾವ ಮಾತಿಗೆ ನಕ್ಕರು ಎಂದು ಅದರಲ್ಲಿ ಬರೆಯುತ್ತಿದ್ದೆ. ಜೊತೆಯವರು ನಗುತ್ತಿದ್ದರು, ನಗಲಿ.

ಹನ್ನೊಂದನೇ ಹಾಸಿಗೆಗೆ ಬಂದವರು ಗೋಪನಕೊಪ್ಪದ ಚನ್ನಬಸಪ್ಪ ಅಜ್ಜ. ತೊಂಬತ್ತೇಳು ವರ್ಷ. ಬಚ್ಚಲಿನಲ್ಲಿ ಜಾರಿ ತೊಡೆಯ ಎಲುಬು ಸೊಂಟದ ಹತ್ತಿರ ಮುರಿದಿತ್ತು. ೧೯೪೨ರ ಚಲೇಜಾವ್ ಚಳವಳಿಯಲ್ಲಿ ಸಾಲೆ ಬಿಟ್ಟು ಟೆಲಿಗ್ರಾಫ್ ತಂತಿ ಕತ್ತರಿಸಿ ಜೈಲಿಗೆ ಹೋದವರು. ದೇಶ ಸ್ವತಂತ್ರವಾದ ಮೇಲೂ ಸುಮ್ಮನಿರಲಿಲ್ಲ. ಪೋರ್ಚುಗೀಸರು ಗೋವಾ ಬಿಡಲಿ ಎಂದು ಗಡಿ ದಾಟಿ ಲಾಠಿ ತಿಂದು ಬಂದಿದ್ದರು. ಇದನ್ನೆಲ್ಲ ಹೇಳಿದ್ದು ಮಗಳು ಶಾಂತಕ್ಕ. ಆಕೆಗೇ ಅರವತ್ತು ದಾಟಿತ್ತು.

ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಮರುದಿನದಿಂದ ಅಜ್ಜನ ಕಣ್ಣೇ ಬೇರೆಯಾಯಿತು. ವಯಸ್ಸಾದವರಿಗೆ ಆಪರೇಷನ್ ಆದ ಮೇಲೆ ಕೆಲವು ದಿನ ಬುದ್ಧಿ ಕದಡುವುದುಂಟು. ಅದಕ್ಕೆ ಡೆಲಿರಿಯಂ ಎನ್ನುತ್ತೇವೆ. ಸಲೈನ್ ಸೂಜಿಯನ್ನು ಎರಡು ಸಲ ಕಿತ್ತು ಎಸೆದರು. ಬಾಯಿಂದಲೇ ನೀರು ಹೋಗಬೇಕಿತ್ತು. ಅಂಥವರಿಗೆ ನೀರು ಕೊಡುವ ಮುನ್ನ ಎಚ್ಚರ ಇದೆಯೇ ಎಂದು ನೋಡುವುದು ನಮ್ಮ ನಿಯಮ. ಮಂಪರಿನಲ್ಲಿ ಕುಡಿದರೆ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಹಾಗಾಗಿ ಲೋಟ ಕೈಯಲ್ಲಿ ಹಿಡಿದು ಮೂರು ಪ್ರಶ್ನೆ ಕೇಳುತ್ತಿದ್ದೆ.

"ಅಜ್ಜಾರ, ನಿಮ್ಮ ಹೆಸರೇನ್ರಿ?"

ಅಜ್ಜ ಹೊದಿಕೆಯನ್ನು ಎದೆಗೆ ಎಳೆದುಕೊಂಡರು.

"ಎಲ್ಲಿದ್ದೀರಿ ಹೇಳ್ರಿ?"

ಲೋಟವನ್ನೇ ನೋಡುತ್ತಿದ್ದರು. ತುಟಿ ಒಡೆದು ಸಿಪ್ಪೆ ಎದ್ದಿತ್ತು.

"ನಿಮ್ಮ ಜೋಡಿ ಯಾರ ಬಂದಾರ್ರಿ?"

"ಒಬ್ಬನ ಬಂದೇನಿ. ನನ್ನ ಜೋಡಿ ಯಾರೂ ಇಲ್ಲ."

ಶಾಂತಕ್ಕ ಕಾಲ ಬಳಿ ನಿಂತಿದ್ದರು. "ಯಪ್ಪಾ, ನಾನು ರೀ, ಶಾಂತಾ" ಎಂದರು.

"ಈ ಹೆಣ್ಣುಮಗಳ ಗುರ್ತ ನನಗಿಲ್ಲ" ಎಂದು ಮುಖ ತಿರುಗಿಸಿ ಅಜ್ಜ ತುಟಿ ಬಿಗಿದರು. ಒಂದು ಹನಿಯೂ ಒಳಗೆ ಹೋಗಲಿಲ್ಲ. ಶಾಂತಕ್ಕ ಸೆರಗು ಬಾಯಿಗೊತ್ತಿಕೊಂಡು ಹೊರಗೆ ಹೋದರು. 'ಸಂಬಂಧಿಕರನ್ನು ಗುರುತಿಸುತ್ತಿಲ್ಲ' ಎಂದು ನಾನು ಶೀಟಿನಲ್ಲಿ ಬರೆದೆ.

ಮೂರನೆಯ ದಿನ ಬೆಳಿಗ್ಗೆ ರಕ್ತದಲ್ಲಿ ಸೋಡಿಯಂ ೧೫೪ ಬಂತು, ೧೪೫ರ ಒಳಗಿರಬೇಕು. ಹಿಂದಿನ ದಿನವಿಡೀ ಮೂತ್ರ ಹೋಗಿದ್ದು ೨೧೦ ಎಂ.ಎಲ್. ಮೈ ಒಣಗುತ್ತಿದೆ, ಕಿಡ್ನಿ ಕೈಬಿಡುತ್ತಿದೆ ಎಂದರ್ಥ. ಡಾಕ್ಟರು ಗಡಿಯಾರ ನೋಡಿದರು. "ಹನ್ನೆರಡರೊಳಗ ಬಾಯಿಂದ ಏನೂ ಹೋಗಲಿಲ್ಲಂದ್ರ ಕೈ ಕಟ್ಟಿ ಸಲೈನ್ ಹಾಕೋಣ, ಸಿಸ್ಟರ್. ಬೇರೆ ದಾರಿ ಇಲ್ಲ."

ಕೈ ಕಟ್ಟಿದ ಅನುಭವ ನನಗೆ ಹೊಸದಲ್ಲ. ಆದರೂ ಬಿಚ್ಚಿದ ಬ್ಯಾಂಡೇಜ್ ಸುರುಳಿಯನ್ನು ಮತ್ತೆ ಸುತ್ತಿಟ್ಟೆ. ಕಟ್ಟಿದರೆ ಈ ಮನುಷ್ಯ ಎದೆ ಒಡೆದು ಸಾಯುತ್ತಾನೆ, ಕಟ್ಟದಿದ್ದರೆ ನೀರಿಲ್ಲದೆ ಸಾಯುತ್ತಾನೆ ಎಂದು ಭಯವಾಯಿತು. ಇನ್ನೊಮ್ಮೆ ಲೋಟ ಹಿಡಿದೆ, ಇನ್ನೊಮ್ಮೆ ಹೆಸರು ಕೇಳಿದೆ. ಶಾಂತಕ್ಕ ಸಿಡಿದರು.

"ನೀವೆಂಥಾ ಮಂದೀರಿ ಸಿಸ್ಟರ್? ನೀರ ಕೈಯಾಗ ಹಿಡ್ಕೊಂಡ ಹೆಸರ ಕೇಳ್ತೀರಲ್ಲ! ನಮ್ಮನ್ಯಾಗ ಬಂದವ್ರಿಗೆ ಮೊದಲ ನೀರು, ಬೆಲ್ಲ. ಕುಡದ ಮ್ಯಾಲೆ ಯಾರು, ಎತ್ತ ಅಂತ ಕೇಳೋದು. ತಪ್ಪಿದ್ರ ಅಪ್ಪಾರು ಕೆಂಡ ಆಗ್ತಿದ್ರು."

"ಯಾಕ್ರೀ ಅಷ್ಟು ಸಿಟ್ಟು?" ಎಂದೆ.

"ನಲವತ್ತೆರಡರಾಗ ಹಿಡದಾಗ ಎರಡು ದಿನ ನೀರ ಕೊಡಲಿಲ್ಲಂತ. ಪೊಲೀಸ್ ಫೌಜದಾರ ಎದುರಿಗೆ ಲೋಟ ಹಿಡದು, ಜೋಡಿ ಯಾರಿದ್ರು ಹೇಳು, ಕುಡೀ ಅಂತಿದ್ನಂತ..."

ಇಬ್ಬರೂ ನನ್ನ ಕೈಯಲ್ಲಿದ್ದ ಲೋಟವನ್ನು ನೋಡಿದೆವು.

ನೋಟ್‌ಬುಕ್ ತೆಗೆದೆ. ಬುದ್ಧಿ ಕದಡಿದ ಮೊದಲ ದಿನ ಮಧ್ಯಾಹ್ನ ಬರೆದ ಸಾಲು ಅಲ್ಲಿತ್ತು: 'ಆಯಾ ಮೇಜಿನ ಮೇಲಿಟ್ಟ ನೀರನ್ನು ತಾವೇ ಎತ್ತಿ ಕುಡಿದರು, ಅರ್ಧ ಲೋಟ.' ಆಗ ಯಾರೂ ಏನೂ ಕೇಳಿರಲಿಲ್ಲ. ಆಮೇಲೆ ಎರಡು ದಿನ, ದಿನಕ್ಕೆ ಆರು ಸಲ, ನಾನೇ ಆ ಫೌಜದಾರನಾಗಿದ್ದೆ.

ಹನ್ನೊಂದೂ ಇಪ್ಪತ್ತು. ಹಾಸಿಗೆಯ ತಲೆಭಾಗ ಎತ್ತರಿಸಿ ಅಜ್ಜನನ್ನು ಕೂರಿಸಿದೆ. ನೀರು ಶ್ವಾಸನಾಳಕ್ಕೆ ಸರಿದು ಉಸಿರು ಸಿಕ್ಕಿಕೊಂಡರೆ ಹೀರಿ ತೆಗೆಯಲು ಇರಲಿ ಎಂದು ಸಕ್ಷನ್ ಮಷೀನ್ ಪಕ್ಕದಲ್ಲೇ ಇಟ್ಟೆ. ಎರಡು ಲೋಟ ನೀರು, ಒಂದು ಬೆಲ್ಲದ ಚೂರು ಮೇಜಿನ ಮೇಲಿಟ್ಟು, ಬರಿಗೈಯಲ್ಲಿ ಸ್ಟೂಲಿನ ಮೇಲೆ ಕೂತೆ.

"ನಾ ಸರೋಜಾ ರೀ, ನವನಗರದಾಕಿ. ನಿಮಗ ಏನೂ ಕೇಳೂದಿಲ್ಲ."

ಅವರ ಕಣ್ಣು ನನ್ನ ಮುಖ, ಲೋಟ, ಬಾಗಿಲು ಎಂದು ಸುತ್ತಿ ಬಂತು. ಅಷ್ಟು ಎಚ್ಚರ ನನಗೆ ಸಾಕಾಗಿತ್ತು.

"ಮೊದಲ ನೀವು ಕುಡೀರಿ" ಎಂದರು.

ಒಂದು ಲೋಟ ಎತ್ತಿ ಕುಡಿದೆ. ಅವರ ಕೈ ಇನ್ನೊಂದಕ್ಕೆ ಚಾಚಿತು. ಮೊದಲ ಗುಟುಕಿಗೆ ಕೆಮ್ಮು ಬಂತು. ನನ್ನ ಕೈ ಸಕ್ಷನ್ ಪೈಪಿಗೆ ಹೋಯಿತು. ಕೆಮ್ಮು ನಿಂತಿತು. ಎರಡನೆಯ ಗುಟುಕು ಸದ್ದಿಲ್ಲದೆ ಇಳಿಯಿತು, ಮೂರನೆಯದೂ. ಲೋಟ ಖಾಲಿ ಮಾಡಿ ಕೆಳಗಿಟ್ಟು ನನ್ನತ್ತ ಬಾಗಿದರು.

"ನೀವು ಛಲೋ ಮಂದಿ ಕಾಣ್ತೀರಿ. ಒಂದು ಉಪಕಾರ ಮಾಡ್ರಿ. ಅಲ್ಲಿ ನಿಂತಾಳಲ್ಲ, ನನ್ನ ಮಗಳು ಶಾಂತಾ. ಆಕಿಗೆ ಏನೂ ಗೊತ್ತಿಲ್ಲ. ಆಕಿನ್ನ ಲಗೂ ಮನಿಗೆ ಕಳಸ್ರಿ."

ಶಾಂತಕ್ಕ ಹತ್ತಿರ ಬಂದು, "ಅದಕ್ಕ ನನ್ನ ಗುರ್ತ ಇಲ್ಲ ಅಂದ್ರೇನ್ರಿ ಯಪ್ಪಾ?" ಎಂದರು.

ಐದು ದಿನದಲ್ಲಿ ಅಜ್ಜನ ಬುದ್ಧಿ ತಿಳಿಯಾಯಿತು. ಡಿಸ್ಚಾರ್ಜ್ ದಿನ ತಡೆಯಲಾರದೆ ಕೇಳಿದೆ: "ಅಜ್ಜಾರ, ಆವಾಗ ನಿಮ್ಮ ಜೋಡಿ ಯಾರಿದ್ರು? ಈಗರೆ ಹೇಳ್ರಿ."

"ಹೇಳಬಹುದಿತ್ತು. ಆದರ ಯಾರಿಗೂ ಹೇಳಂಗಿಲ್ಲ ಅಂತ ಅವ್ರಿಗೆ ಮಾತು ಕೊಟ್ಟೇನಿ, ಆ ಮಾತಿನಿಂದ ನನ್ನ ಬಿಡಸಾಕ ಅವ್ರೊಳಗ ಒಬ್ಬರೂ ಉಳಿದಿಲ್ಲ ನೋಡ್ರಿ" ಎಂದು ಬೊಚ್ಚುಬಾಯಿ ತೆರೆದು ನಕ್ಕರು. ಅದನ್ನೂ ಬರೆದುಕೊಂಡೆ.

ಸಂಬಂಧಿಕರ ಗುರುತಿನ ಬಗ್ಗೆ ಶೀಟಿನಲ್ಲಿ ಬರೆದ ಆ ತಪ್ಪು ಸಾಲನ್ನು ಅಜ್ಜ ನೀರು ಕುಡಿದ ದಿನವೇ ಹೊಡೆದುಹಾಕಿ ಸಹಿ ಮಾಡಿದ್ದೆ. ಎಚ್ಚರ ಪರೀಕ್ಷಿಸುವ ನಿಯಮವನ್ನು ನಾನು ಬಿಟ್ಟಿಲ್ಲ, ಬಿಡಲೂಬಾರದು. ಆದರೆ ನಮ್ಮ ವಾರ್ಡಿಗೆ ಹೊಸದಾಗಿ ಬರುವ ನರ್ಸುಗಳಿಗೆ ಮೊದಲ ದಿನವೇ ಹೇಳುತ್ತೇನೆ: ಲೋಟ ಮೇಜಿನ ಮೇಲಿಡಿ, ನಿಮ್ಮ ಹೆಸರು ಹೇಳಿ, ಆಮೇಲೆ ಅವರದನ್ನು ಕೇಳಿ. ಕೇಳುವಾಗ ನಿಮ್ಮ ಕೈ ಬರಿದಾಗಿರಲಿ.